ಎರಡು ಲಕ್ಷದ ಮುದುಕ

ನಮ್ಮ ಕಾರು 2 ಲಕ್ಷ ಕಿಲೋಮೀಟರ್ ದಾಟಿದ ದಿನ ಮನೆಯಾಕೆ ಆರತಿ ಎತ್ತಿದಳು. ಮರುದಿನ ಆಳಂದದ ಮಿಸ್ತ್ರಿ ಬಾನೆಟ್ ಎತ್ತಿದ.

“ಸಾಹೇಬ್ರ, ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸೀರಿ?”

“ಇನ್ನೂ ಹರಿದಿಲ್ಲಲ್ಲಪಾ.”

“ಹರಿದ್ರ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡೀತಾವ. ಆಮ್ಯಾಲ ಬೆಲ್ಟಿಂದಲ್ರೀ, ಇಂಜಿನ್ನಿಂದೇ ಬಿಲ್ಲು!”

ಅಂದಿನಿಂದ ನಾನು ಕಾರು ಓಡಿಸುವುದಕ್ಕಿಂತ ಅದರ ಸದ್ದು ಕೇಳುವುದೇ ಹೆಚ್ಚು. ಗಾಣಗಾಪುರದ ದಾರಿಯ ತಗ್ಗಿನಲ್ಲಿ ಕಟಕಟ ಎಂದರೆ ಬಾಲ್ ಜಾಯಿಂಟ್. ತಿರುವಿನಲ್ಲಿ ಗುಂಯ್ ಎಂದರೆ ಚಕ್ರದ ಬೇರಿಂಗ್. ಏನೂ ಸದ್ದಿಲ್ಲದಿದ್ದರೆ ಇನ್ನೂ ಭಯ. ಮೇ ತಿಂಗಳಲ್ಲಿ ಜೇವರ್ಗಿಯ ಬಿಸಿಲು 42 ಡಿಗ್ರಿ ಮುಟ್ಟುವ ಮೊದಲೇ, ಇಂಜಿನ್ ತಣ್ಣಗಿರುವಾಗ, ರೇಡಿಯೇಟರ್ ಪೈಪು ಹಿಸುಕಿ ನೋಡಬೇಕು. ಖಡಕ್ ರೊಟ್ಟಿಯಂತೆ ಗಟ್ಟಿಯಾದರೂ ಕೆಟ್ಟಿತು, ಸಾರಿನಲ್ಲಿ ನೆನೆದ ರೊಟ್ಟಿಯಂತೆ ಮೆತ್ತಗಾದರೂ ಕೆಟ್ಟಿತು. ಏರ್ ಫಿಲ್ಟರಿನಲ್ಲಂತೂ ತೊಗರಿ ಬಿತ್ತುವಷ್ಟು ಎರೆಮಣ್ಣು.

ಈಗ ಡಿಕ್ಕಿ ತುಂಬ ಫ್ಯಾನ್ ಬೆಲ್ಟು, ಫ್ಯೂಸು, ಪೈಪು, ನೀರಿನ ಕ್ಯಾನು. ಮೊನ್ನೆ ಅಫಜಲಪುರದ ಬೀಗರ ಮದುವೆಗೆ ಹೊರಟಾಗ ಮನೆಯಾಕೆ ತನ್ನ ಚೀಲ ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

“ನನ್ನ ಮೊಣಕಾಲು ಮೂರು ವರ್ಷದಿಂದ ಕಟಕಟ ಅಂತಾವ. ಅದೇನರ ಕೇಳಸ್ತದೇನ್ರೀ?”