ಹಲೋ, ಇಡ್ಲಾ?

ನಮ್ಮ ಚಿಕ್ಕಪ್ಪನ ವಾಟ್ಸಾಪಿಗೆ ವರ್ಷಕ್ಕೊಮ್ಮೆಯಾದರೂ ಮಾರ್ಗರೆಟ್ ಹಲೋ ಎಂಬ ಹೆಣ್ಣುಮಗಳು ಬಂದೇ ಬರುತ್ತಾಳೆ. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್‌ನ ಪ್ರೇಯಸಿಯಂತೆ. ಫೋನಿನಲ್ಲಿ ಆತ ಮೊದಲು ಕರೆದದ್ದು ಅವಳ ಹೆಸರನ್ನೇ ಅಂತೆ. ಎಲ್ಲಾ ಕಟ್ಟುಕತೆ. 1877ರಲ್ಲಿ ಬೆಲ್ ಮದುವೆಯಾದದ್ದು ಮೇಬಲ್ ಹಬಾರ್ಡ್‌ಳನ್ನು. ಪಾಪ, ಆಕೆಗೆ ಎಳವೆಯಲ್ಲೇ ಕಿವಿ ಹೋಗಿತ್ತು. ಗಂಡ ಮಾಡಿದ ಯಂತ್ರದಲ್ಲಿ ಗಂಡನ ಮಾತೇ ಕೇಳುವಂತಿರಲಿಲ್ಲ. ಇದನ್ನು ಹೇಳಿದರೆ ಚಿಕ್ಕಪ್ಪ, "ಇರ್ಲಿ ಬಿಡೋ, ಕತೆ ಚೆನ್ನಾಗಿದೆಯಲ್ಲ" ಎಂದುಬಿಟ್ಟರು.

ಅಸಲಿಗೆ ಬೆಲ್‌ಗೆ ಬೇಕಿದ್ದದ್ದು 'ಅಹೋಯ್'. ಹಡಗಿನವರು ಇನ್ನೊಂದು ಹಡಗನ್ನು ಕೂಗುವ ಮಾತು. ಹಲೋ ಎಂದರೆ ಸಾಕು ಎಂದವನು ಎಡಿಸನ್. ಆಗಿನ ಫೋನಿಗೆ ಗಂಟೆ ಇರಲಿಲ್ಲ. 1877ರ ಆಗಸ್ಟಿನಲ್ಲಿ ಪಿಟ್ಸ್‌ಬರ್ಗಿನ ಟೆಲಿಗ್ರಾಫ್ ಕಂಪನಿಯ ಅಧ್ಯಕ್ಷನಿಗೆ ಆತ ಕಾಗದ ಬರೆದ: ಗಂಟೆ ಯಾಕೆ, ಹಲೋ ಅಂದರೆ 10-20 ಅಡಿ ದೂರಕ್ಕೂ ಕೇಳುತ್ತದೆ ಎಂದು. ಎಡಿಸನ್ನನಿಗೂ ಕಿವಿ ಮಂದ! ನಮ್ಮ ದೊಡ್ಡಮ್ಮ ಫೋನೆತ್ತಿ ಪಕ್ಕದ ಬೀದಿಗೂ ಕೇಳುವಂತೆ "ಹಲೋಽಽ" ಎನ್ನುವುದು ಹಾಗಾದರೆ ಶಾಸ್ತ್ರೋಕ್ತವೇ.

ಹಲೋ ಅದಕ್ಕೂ ಮುಂಚೆ ಕುಶಲ ಕೇಳುವ ಮಾತೇನಾಗಿರಲಿಲ್ಲ. ಯಾರನ್ನಾದರೂ ತಡೆದು ಕೂಗಲಿಕ್ಕೆ, ಇಲ್ಲವೇ 'ಅರೆ, ಇದೇನಿದು' ಎನ್ನಲಿಕ್ಕೆ ಬಳಸುತ್ತಿದ್ದರು. ಬೇಟೆನಾಯಿಗಳನ್ನು ಛೂ ಬಿಡುವ 'ಹಲ್ಲೂ' ಇದರ ದಾಯಾದಿ. ಆ ಹಳೆಯ ಗುಣವನ್ನು ಉಳಿಸಿಕೊಂಡವರು ನಾವೇ ಇರಬೇಕು. ರೇಷನ್ ಅಂಗಡಿಯ ಸಾಲಿನಲ್ಲಿ ಯಾರಾದರೂ ನಡುವೆ ನುಗ್ಗಲಿ, "ಹಲೋ! ಹಿಂದೆ ನಿಂತ್ಕೊಳ್ರೀ" ಎಂಬ ಗರ್ಜನೆ ಬರುತ್ತದೆ. ಎದುರಾಬದುರು ನಿಂತವರು ಹಲೋ ಅಂದರೆ ನಮ್ಮಲ್ಲಿ ಅದು ಜಗಳದ ಮುನ್ನುಡಿ.

1878ರಲ್ಲಿ ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಮೊದಲ ವಾಣಿಜ್ಯ ಟೆಲಿಫೋನ್ ವಿನಿಮಯ ಕೇಂದ್ರ ಶುರುವಾಯಿತು. ಅವರ ಡೈರೆಕ್ಟರಿ ಬಲು ಶಿಸ್ತಿನದು: ಮಾತು ಶುರುಮಾಡಲು 'ಹಲ್ಲೋವಾ' ಅನ್ನಿ, ಮುಗಿಸಲು 'ಇಷ್ಟೇ' ಅನ್ನಿ ಎಂದು ಕಲಿಸಿತು. ಮೊದಲನೆಯದು ಲೋಕವನ್ನೇ ಗೆದ್ದಿತು. ಎರಡನೆಯದು ಮಣ್ಣುಪಾಲಾಯಿತು, ಅದರ ಫಲ ಅನುಭವಿಸುತ್ತಿರುವವರು ನಮ್ಮ ಮನೆಯವರು. ನಮ್ಮಲ್ಲಿ ಮಾತು ಮುಗಿಸಲು ಇರುವುದು 'ಇಡ್ಲಾ?' ಒಂದೇ. ಮೊಬೈಲು ಬಂದ ಮೇಲೆ ಇಡಲಿಕ್ಕೆ ರಿಸೀವರೂ ಇಲ್ಲ, ಆದರೂ ಇಡುತ್ತಲೇ ಇದ್ದೇವೆ. ಅದೂ ಅಪ್ಪಣೆ ಕೇಳಿ!

ದೊಡ್ಡಮ್ಮ ಮಗಳ ಜೊತೆ ಮಾತಾಡುವಾಗ ಮೊದಲರ್ಧ ಬರೀ ಮಳೆ, ಮಂಡಿನೋವು, ಹಾಲಿನ ದರ.

"ಸರಿ, ಇಡ್ಲಾ?"

"ಹೂಂ, ಇಡಮ್ಮ."

"ಮತ್ತೆ?"

"ಮತ್ತೇನಿಲ್ಲ. ನೀನೇ ಹೇಳ್ಬೇಕು."

"ಅಂದ ಹಾಗೆ, ಆ ತಿಪಟೂರಿನ ಸಂಬಂಧ ಕುದುರಿತಂತೆ ಕಣೇ..."

ಇಬ್ಬರೂ ಸರಿಯಾಗಿ ಕೂತುಕೊಳ್ಳುವುದು ಆಗ. ಹುಡುಗನಿಗೆ ಸಂಬಳ ಎಷ್ಟು ಎಂಬುದು ಎರಡನೇ 'ಇಡ್ಲಾ' ಆದ ಮೇಲೆ.