ಜೊತೆ ಬಿಟ್ಟ ರಾಯರಿಗೆ

ಏನ್ ರಾಯರೇ, ಗಿಡಕ್ಕೆ ನೀರು ಹಾಕೋ ನೆಪದಲ್ಲಿ ತಲೆ ಬಗ್ಗಿಸಿಕೊಂಡರೆ ನಾನು ಬಿಟ್ಟುಬಿಡ್ತೀನಾ? ಬೆಳಿಗ್ಗೆ ಪಾರ್ಕಿನಲ್ಲಿ ನನ್ನ ಜೊತೆ ಮಾತಾಡ್ತಾ ಬರ್ತಿದ್ದವರು, ನಾನು ಶೂ ಲೇಸು ಕಟ್ಟಿ ತಲೆ ಎತ್ತೋದರಲ್ಲಿ ಗೇಟಿನ ಆಚೆ! ಒಂದು ಮಾತು ಹೇಳಿ ಹೋಗಬಾರದಿತ್ತೇ?

ಹಾಲು ತರೋ ಹೊತ್ತಾಗಿತ್ತು ಅಂತೀರಾ. ತನ್ನಿ, ಬೇಡ ಅಂದವರಾರು? ಅದೇ ಪಾರ್ಕಿನಲ್ಲಿ ಇನ್ನೂ ಎಷ್ಟೋ ಜನ ಸುತ್ತು ಹಾಕ್ತಿದ್ದರು. ಅವರು ಯಾವಾಗ ಮನೆಗೆ ಹೋದರೂ ನಾನು ಕೇಳೋ ಹಾಗಿಲ್ಲ. ನಿಮ್ಮನ್ನ ಮಾತ್ರ ಕೇಳಬಹುದು. ಈ ಅಧಿಕಾರ ನನಗೆ ಎಲ್ಲಿಂದ ಬಂತು?

ನಗಬೇಡಿ. ಇಬ್ಬರು ಜೊತೆಗೆ ನಡೆಯೋದು ಅಂದರೇನು ಅಂತ ಮಾರ್ಗರೆಟ್ ಗಿಲ್ಬರ್ಟ್ ಅನ್ನೋ ತತ್ತ್ವಶಾಸ್ತ್ರಜ್ಞೆ 1990ರಲ್ಲಿ ಒಂದು ಲೇಖನವನ್ನೇ ಬರೆದಿದ್ದಾರೆ. ಅಕ್ಕಪಕ್ಕ ಹೆಜ್ಜೆ ಹಾಕಿದ ಮಾತ್ರಕ್ಕೆ ಜೊತೆಯಾಗಲ್ಲ. ಹೋಗೋಣ ಅಂತ ಇಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲೇ ಅಂದುಕೊಂಡರೂ ಸಾಲದು. ಇಬ್ಬರೂ ಒಟ್ಟಾಗಿ ಕಟ್ಟುಬಿದ್ದಿರಬೇಕು. ಆಮೇಲೆ ಒಬ್ಬ ಬಿರಬಿರನೆ ಮುಂದೆ ಹೋದರೆ ಇನ್ನೊಬ್ಬನಿಗೆ ಗದರೋ ಹಕ್ಕಿದೆ. ನಡುವೆ ಬಿಟ್ಟು ಹೋಗಬೇಕಾದರೆ ಅವನ ಒಪ್ಪಿಗೆ ಬೇಕು.

ನಾನೇನು ಬಾಂಡ್ ಪೇಪರ್ ಬರೆದುಕೊಟ್ಟಿದ್ದೆನಾ ಅಂತೀರಾ? ಹಾಗಾದರೆ ಮೈಕೇಲ್ ಬ್ರಾಟ್‌ಮನ್ ಅನ್ನೋ ಇನ್ನೊಬ್ಬ ತತ್ತ್ವಶಾಸ್ತ್ರಜ್ಞರು ನಿಮ್ಮ ಕಡೆ ವಕೀಲರು. ಅವರ ಪ್ರಕಾರ ಒಟ್ಟಿಗೆ ಕೆಲಸ ಮಾಡೋಕೆ ಇಂಥ ಕಟ್ಟು ಇರಲೇಬೇಕು ಅಂತಿಲ್ಲ. ಒಬ್ಬೊಬ್ಬರ ಉದ್ದೇಶ, ಯೋಜನೆ ಒಂದಕ್ಕೊಂದು ಹೊಂದಿಕೊಳ್ಳಬೇಕು. ಮನೆಗೆ ಬಣ್ಣ ಬಳಿಯೋ ಉದಾಹರಣೆ ಅವರದು. ನಾನು ಪೂರ್ತಿ ಕೆಂಪು, ನೀವು ಪೂರ್ತಿ ನೀಲಿ ಅಂತ ಪಟ್ಟು ಹಿಡಿದು, ಇಬ್ಬರೂ ಜಗ್ಗದೇ ಹೋದರೆ, ಕೈಯಲ್ಲಿ ಬ್ರಷ್ ಇದ್ದರೂ ಅದು ಜೊತೆಗೆ ಬಳಿಯೋದಲ್ಲ.

ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ ಅವರದು ಇನ್ನೊಂದು ದಾರಿ. ಪಾರ್ಕಿನಲ್ಲಿ ಮಳೆ ಬಂತು ಅಂತಿಟ್ಟುಕೊಳ್ಳಿ, ಚದುರಿ ಕೂತಿದ್ದವರೆಲ್ಲ ನಡುವಿನ ಸೂರಿಗೆ ಓಡಿದರು. ಅದು ಅವರವರ ಓಟ. ಅದೇ ಓಟವನ್ನ ಒಂದು ಬ್ಯಾಲೆ ತಂಡ ನೃತ್ಯದ ಭಾಗವಾಗಿ ಓಡಿದರೆ? ನೋಡೋಕೆ ಏನೂ ವ್ಯತ್ಯಾಸವಿಲ್ಲ. ಆದರೆ ಇಲ್ಲಿ ತಲೆಯೊಳಗೆ ಓಡ್ತಿರೋದು ‘ನಾವು’. ಎಷ್ಟು ‘ನಾನು’ಗಳನ್ನ ಕೂಡಿಸಿದರೂ ಆ ‘ನಾವು’ ಸಿಗಲ್ಲ ಅಂತಾರೆ ಸರ್ಲ್.

ನನ್ನ ಓಟು ಗಿಲ್ಬರ್ಟ್ ಅವರಿಗೇ. ಯಾಕೆ ಗೊತ್ತಾ? ಕೇಳಿದ ತಕ್ಷಣ ಹಾಲಿನ ಕಾರಣ ಕೊಟ್ಟಿರಲ್ಲ, ಅಲ್ಲೇ ಸಿಕ್ಕಿಬಿದ್ದಿರಿ! ದಾರಿಹೋಕ ಕೇಳಿದ್ದರೆ ‘ನಿನಗ್ಯಾಕಯ್ಯ’ ಅಂತಿದ್ದಿರಿ. ಕಟ್ಟುಬೀಳದವನು ಸಮಜಾಯಿಷಿ ಕೊಡಲ್ಲ ರಾಯರೇ.

ಅಗೋ, ಬೀದಿ ಹುಡುಗರು ಗಣೇಶನ ರಸೀದಿ ಪುಸ್ತಕ ಹಿಡಿದು ಬಂದರು. ‘ಅಂಕಲ್, ಈ ಸಲ ನಾವೆಲ್ಲ ಸೇರಿ ದೊಡ್ಡದಾಗಿ ಕೂರಿಸ್ತಿದ್ದೀವಿ’ ಅಂತಾರೆ. ಆ ‘ನಾವೆಲ್ಲ’ದೊಳಗೆ ನಾನು ಯಾವಾಗ ಸೇರಿದೆನೋ ದೇವರಿಗೇ ಗೊತ್ತು. ಕಟ್ಟುಬಿದ್ದಿಲ್ಲ ಅಂತ ವಾದಿಸೋದರಲ್ಲಿ ನೀವು ನಿಸ್ಸೀಮರಲ್ಲವೇ? ಮೊದಲು ನಿಮ್ಮ ಗೇಟಿಗೇ ಕಳಿಸ್ತೀನಿ ತಾಳಿ.