ಕುಲಗೆಟ್ಟ ವೈರಸ್ಸಿನೊಡನೆ ಹತ್ತು ನಿಮಿಷ

ಎಚ್‌ಐವಿ ವಂಶದಲ್ಲಿ ಮೈಗಳ್ಳನೆಂದು ಹೆಸರಾದ ಸಿಡ್ನಿ ತಳಿ ಮಾತಿಗೆ ಸಿಕ್ಕಿತು. ಕುರ್ಚಿ ಕೊಟ್ಟೆ. ಕೂರಲು ಜೀವಕೋಶವೇ ಆಗಬೇಕು ಎಂದಿತು. ನಿಂತೇ ಮಾತಾಡಿಸಿದೆ.

ಮನೆಯವರು ನಿಮ್ಮನ್ನು ಹೊರಗಿಟ್ಟದ್ದೇಕೆ?

ನಮ್ಮ ಇಡೀ ಆಸ್ತಿ ಒಂಬತ್ತು ಜೀನು. ಅದರಲ್ಲಿ ‘ನೆಫ್’ ನನ್ನಲ್ಲಿ ಹರಿದುಹೋಗಿದೆ. ನಾವು ಹೊಕ್ಕ ಕೋಶದ ಬಾಗಿಲಲ್ಲಿ ‘ಒಳಗೆ ಕಳ್ಳನಿದ್ದಾನೆ’ ಅಂತ ಫಲಕ ಬೀಳುತ್ತದಲ್ಲ, ಅದನ್ನು ಕಿತ್ತು ಬಚ್ಚಿಡುವುದು ನೆಫ್ ಕೆಲಸ. ನನ್ನ ಬಾಗಿಲಲ್ಲಿ ಫಲಕ ತೂಗುತ್ತಲೇ ಇರುತ್ತದೆ. ಕಾವಲು ಕೋಶಗಳು ಬಂದು ಬಡಿಯುತ್ತವೆ.

ಇದು ಗೊತ್ತಾದದ್ದು?

ಒಬ್ಬ ದಾನಿಯ ರಕ್ತದ ಜೊತೆ ಎಂಟು ಮಂದಿಯ ಮೈ ಸೇರಿದ್ದೆ, 1985ಕ್ಕೂ ಮೊದಲು. ಒಳ್ಳೆಯ ಔಷಧವಿಲ್ಲದ ಕಾಲ. ಆದರೂ ಅವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಗಟ್ಟಿಯಾಗಿದ್ದರು. 1995ರಲ್ಲಿ ನನ್ನ ಜಾತಕ ಬಿಚ್ಚಿದರು, ಮಾನ ಹೋಯಿತು.

ಅಂದರೆ ನೀವು ಸಾಧು!

ಹಾಗೆ ಬರೆದುಬಿಟ್ಟೀರಿ! ಕೆಲವರಲ್ಲಿ ಮುಂದೆ ಮೈ ಕಾಯುವ ಸಿಡಿ4 ಕಣಗಳು ಇಳಿದವು. ನಿಧಾನ ಬೇರೆ, ಸಾಧು ಬೇರೆ.

ದಾಯಾದಿಗಳು?

ಅವರಿಗೆ ಬಾಗಿಲುಗಳದೇ ಜಂಬ. ಸಾಮಾನ್ಯವಾಗಿ ಒಳನುಗ್ಗುವುದು ಸಿಸಿಆರ್5 ಬಾಗಿಲಿಂದ. ಕೆಲವರು ಪಳಗಿದ ಮೇಲೆ ಸಿಎಕ್ಸ್‌ಸಿಆರ್4 ಬಾಗಿಲಿನ ಬೀಗವನ್ನೂ ತೆಗೆಯುತ್ತಾರೆ. ಆಮೇಲೆ ಸಿಡಿ4 ಸರಸರ ಕುಸಿಯುತ್ತದೆ. ನಿಮ್ಮ ದೇಶದಲ್ಲಿ ಬೀಡುಬಿಟ್ಟ ‘ಸಿ’ ಉಪತಳಿಗೆ ಆ ವಿದ್ಯೆ ಒಲಿಯುವುದು ಅಪರೂಪ. ಉಗಾಂಡಾದ ‘ಡಿ’, ಅಲ್ಲಿನ ‘ಎ’ಗಿಂತ ಬೇಗ ಮನೆ ಹಾಳುಮಾಡುತ್ತಾನೆ. ಪಶ್ಚಿಮ ಆಫ್ರಿಕದ ಎಚ್‌ಐವಿ–2 ಚಿಕ್ಕಪ್ಪನದು ಎತ್ತಿನಗಾಡಿ ನಡಿಗೆ. ಇನ್ನು ನೆದರ್ಲೆಂಡ್ಸಿನ ‘ವಿಬಿ’ ಇದ್ದಾನೆ. 2022ರಲ್ಲಿ ಪತ್ರಿಕೆಗೆ ಬಂದ, 109 ಜನರಲ್ಲಿ ಸಿಕ್ಕಿಬಿದ್ದ. ಸಿಡಿ4 ಇಳಿಸುವುದರಲ್ಲಿ ಉಳಿದವರಿಗಿಂತ ಎರಡು ಪಟ್ಟು ಚುರುಕು.

ಹೊಟ್ಟೆಕಿಚ್ಚೇ?

ಉಂಡ ಮನೆಗೆ ಅಷ್ಟು ಅವಸರದಲ್ಲಿ ಎರಡು ಬಗೆಯುವವನ ಮೇಲೆ ಕಿಚ್ಚೇಕೆ? ದಿನಾ ಮಾತ್ರೆ ನುಂಗಿದರೆ ಅವನೂ ಬಾಲ ಮುದುರುತ್ತಾನೆ.

(ಇಷ್ಟೆಲ್ಲ ಇದ್ದೂ, ಯಾರಿಗಾದರೂ ಕಾಯಿಲೆ ಬೇಗ ಏರಿದರೆ ನಾವು ಅಗೆಯುವುದು ಅವರ ನಡತೆಯನ್ನು. ಅದನ್ನೂ ಕೇಳಿದೆ.)

ನನ್ನ ಜಾತಕ ಬಿಟ್ಟು ಅವರದು ಓದುತ್ತೀರಿ. ಅಂಜಿ ಪರೀಕ್ಷೆಗೇ ಬರುವುದಿಲ್ಲ ಜನ. ನಮ್ಮ ವಂಶಕ್ಕೆ ಇದಕ್ಕಿಂತ ಉಪಕಾರ ಯಾರು ಮಾಡಿದ್ದಾರೆ?

ಫೋಟೊ ಬೇಡವೇ ಎಂದಿತು. ಕ್ಯಾಮೆರಾ ಎತ್ತುವಷ್ಟರಲ್ಲಿ ಮುಖ ಬದಲಾಗಿತ್ತು.